ಕ್ಯಾಲ್ಸಿಯಂ ನಾರ್ಮಲ್ ಅಂತ ಬಿಟ್ಟುಬಿಡ್ಬೇಡಿ

ಸಂಪಾದಕರಿಗೆ ನಮಸ್ಕಾರ,

ಲಿವರ್ ಕ್ಯಾನ್ಸರ್ ಇರುವವರ ಮನೆಯವರು ಯಾರಾದ್ರೂ ಓದ್ಲಿ ಅಂತ ಇದನ್ನು ಬರೀತಾ ಇದ್ದೇನೆ.

ನನ್ನ ಸೋದರಮಾವನಿಗೆ ಹೆಪಟೈಟಿಸ್ ಬಿ ಇದ್ದದ್ದು ನಮಗೆ ಗೊತ್ತಾದದ್ದೇ ಲಿವರಲ್ಲಿ ಗಡ್ಡೆ ಕಂಡ ಮೇಲೆ. ಪೆರ್ಲದ ಹತ್ರ ಅಡಿಕೆ ತೋಟ, ಒಂದು ದಿನ ಸುಮ್ಮನೆ ಕೂತವರಲ್ಲ. ಕಳೆದ ಮಳೆಗಾಲದಲ್ಲಿ ಒಮ್ಮೆಗೇ ಮಂಕಾದ್ರು, ಕೂತಲ್ಲೇ ನಿದ್ದೆ, ಮಕ್ಕಳ ಹೆಸರು ಅದಲು ಬದಲು, ಎಷ್ಟು ನೀರು ಕುಡಿದ್ರೂ ಬಾಯಾರಿಕೆ, ರಾತ್ರಿಯಿಡೀ ಮೂತ್ರಕ್ಕೆ ಏಳುದು, ಐದು ದಿನ ಆದ್ರೂ ಹೊಟ್ಟೆ ಹೋಗ್ಲಿಲ್ಲ. ಅಮೋನಿಯ ತಲೆಗೇರಿದೆ ಅಂತ ಆಸ್ಪತ್ರೆಯಲ್ಲಿ ಸಿರಪ್ ಕೊಟ್ರು. ಲಿವರ್ ಹಾಳಾದವರಿಗೆ ಹಾಗೆ ಆಗುದೂ ಉಂಟು, ಹಾಗಾಗಿ ನಾವೂ ನಂಬಿದೆವು. ನಿಶ್ಶಕ್ತಿ ಅಂತ ಅತ್ತೆ ಮೆಡಿಕಲಿಂದ ಕ್ಯಾಲ್ಸಿಯಂ ಮಾತ್ರೆ ತಂದು ದಿನಾ ಕೊಡ್ತಾ ಇದ್ರು ಬೇರೆ.

ರಿಪೋರ್ಟಲ್ಲಿ ಕ್ಯಾಲ್ಸಿಯಂ 10.4. ಪಕ್ಕದಲ್ಲಿ 8.5ರಿಂದ 10.5 ಅಂತ ಪ್ರಿಂಟ್ ಇತ್ತು, ಹಾಗಾಗಿ ಯಾರೂ ಅದರ ಕಡೆ ನೋಡ್ಲಿಲ್ಲ. ಮಂಗಳೂರಲ್ಲಿ ಇನ್ನೊಬ್ಬ ಡಾಕ್ಟ್ರು ಅದೇ ಕಾಗದ ಹಿಡ್ಕೊಂಡು ಕೆಳಗಿನ ಸಾಲಿಗೆ ಬೆರಳಿಟ್ರು, ಆಲ್ಬುಮಿನ್ ಅಂತ ರಕ್ತದಲ್ಲಿರುವ ಒಂದು ಪ್ರೋಟೀನು, ಅದು 2.2. ರಕ್ತದ ಕ್ಯಾಲ್ಸಿಯಂನಲ್ಲಿ ಒಂದು ದೊಡ್ಡ ಪಾಲು ಆಲ್ಬುಮಿನ್ನಿಗೆ ಅಂಟಿಕೊಂಡೇ ಇರುದಂತೆ, ಆ ಆಲ್ಬುಮಿನ್ ತಯಾರು ಮಾಡುದು ಲಿವರ್, ಲಿವರ್ ಸೋತಾಗ ಆಲ್ಬುಮಿನ್ ಇಳಿದು ಒಟ್ಟು ಕ್ಯಾಲ್ಸಿಯಂ ಕಡಿಮೆ ಕಾಣ್ತದೆ, ಆದ್ರೆ ಮೈಗೆ ತಟ್ಟುವ ಕ್ಯಾಲ್ಸಿಯಂ ಜಾಸ್ತಿಯೇ ಇರ್ಬಹುದು. ಆಲ್ಬುಮಿನ್ 4ಕ್ಕಿಂತ ಎಷ್ಟು ಕಡಿಮೆಯೋ ಅದನ್ನು 0.8ರಿಂದ ಗುಣಿಸಿ ಕ್ಯಾಲ್ಸಿಯಂಗೆ ಕೂಡಿಸ್ಬೇಕು ಅಂತ ಅವರೇ ಲೆಕ್ಕ ಹಾಕಿ ತೋರಿಸಿದ್ರು, 11.8 ಬಂತು. ಇದು ಅಂದಾಜು ಮಾತ್ರ ಅಂತ ಹೇಳಿ ಅಯನೈಸ್ಡ್ ಕ್ಯಾಲ್ಸಿಯಂ, ಅಂದ್ರೆ ಯಾವುದಕ್ಕೂ ಅಂಟದೆ ಇರುವ ಕ್ಯಾಲ್ಸಿಯಂ, ಅದರ ಟೆಸ್ಟ್ ಕೂಡ ಮಾಡಿಸಿದ್ರು, ಅದೂ ಜಾಸ್ತಿ. ಮಂಕು, ಬಾಯಾರಿಕೆ ಎಲ್ಲ ಆ ಜಾಸ್ತಿ ಕ್ಯಾಲ್ಸಿಯಂನಿಂದಲೇ.

ಕ್ಯಾಲ್ಸಿಯಂ ಏರಿದ್ದಕ್ಕೆ ಕಾರಣ ಹಾರ್ಮೋನು. ಕುತ್ತಿಗೆಯಲ್ಲಿ ಥೈರಾಯ್ಡಿನ ಹಿಂದೆ ನಾಲ್ಕು ಸಣ್ಣ ಪ್ಯಾರಾಥೈರಾಯ್ಡ್ ಗ್ರಂಥಿ ಉಂಟು, ಕ್ಯಾಲ್ಸಿಯಂ ಇಳಿದ್ರೆ ಅವು ಪಿಟಿಎಚ್ ಅಂತ ಒಂದು ಹಾರ್ಮೋನು ಹೊರಬಿಟ್ಟು ಎಲುಬಿಂದ ಎಳೆದು ಸರಿಮಾಡ್ತವೆ. ಕೆಲವು ಲಿವರ್ ಗಡ್ಡೆಗಳು ಪಿಟಿಎಚ್ ತರದ್ದೇ ಇನ್ನೊಂದು ಪದಾರ್ಥವನ್ನು ತಾವೇ ಬಿಡ್ತವೆ, ಅದಕ್ಕೆ ನಿಲ್ಸುವವರಿಲ್ಲ, ಕ್ಯಾಲ್ಸಿಯಂ ಏರ್ತಾ ಹೋಗ್ತದೆ, ನಿಜವಾದ ಪಿಟಿಎಚ್ ಮಾತ್ರ ತಗ್ಗಿರ್ತದೆ. ಮಾವನಿಗೂ ತಗ್ಗಿತ್ತು. ಮಾತ್ರೆ ನಿಲ್ಸಿ ಸಲೈನ್, ಎಲುಬು ಕರಗುದನ್ನು ತಡೆಯುವ ಜೋಲೆಡ್ರೋನಿಕ್ ಆಸಿಡ್ ಇಂಜೆಕ್ಷನ್ ಕೊಟ್ರು. ನಾಲ್ಕನೇ ದಿನ ನನ್ನ ಹೆಸರು ಸರಿಯಾಗಿ ಕರೆದು ತೋಟಕ್ಕೆ ಮದ್ದು ಬಿಟ್ಟಾಯ್ತಾ ಕೇಳಿದ್ರು. ಕ್ಯಾನ್ಸರ್ ಅವರನ್ನು ಬಿಡ್ಲಿಲ್ಲ, ಆದ್ರೆ ಆಮೇಲೆ ಸಿಕ್ಕಿದ ಮೂರು ವಾರ ಅತ್ತೆಯ ಹತ್ರ ಚೆನ್ನಾಗಿ ಮಾತಾಡಿಕೊಂಡೇ ಇದ್ರು, ಅದು ನಮಗೆ ದೊಡ್ಡದು.

ಅದಕ್ಕೇ ಕೇಳುದು, ಲಿವರ್ ಕ್ಯಾನ್ಸರಿನವರು ಮಂಕಾದ್ರೆ ಅಮೋನಿಯದ ಜೊತೆ ಕ್ಯಾಲ್ಸಿಯಂ, ಆಲ್ಬುಮಿನ್ ಎರಡನ್ನೂ ಒಟ್ಟಿಗೆ ನೋಡಿ ಅಂತ ಡಾಕ್ಟ್ರ ಹತ್ರ ಕೇಳಿ, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆ ಅವರನ್ನು ಕೇಳದೆ ಕೊಡ್ಬೇಡಿ. ನಮ್ಮ ಕಾಸರಗೋಡಿನಲ್ಲಿ ರೋಗಿಗೆ ಕೊಡುವ ಚೀಟಿ ಇಂಗ್ಲಿಷ್, ಮಲಯಾಳದಲ್ಲೇ ಜಾಸ್ತಿ, ಅತ್ತೆಗೆ ಎರಡೂ ಓದ್ಲಿಕ್ಕೆ ಬರುದಿಲ್ಲ, ನಾಲ್ಕು ಸಾಲು ಕನ್ನಡದಲ್ಲೂ ಬೇಕು. ನಿಮ್ಮ ಪತ್ರಿಕೆಯಲ್ಲಿ ಒಬ್ಬ ಡಾಕ್ಟ್ರಿಂದ ಈ ವಿಷಯ ಬರೆಸಿದ್ರೆ ಉಪಕಾರ.

ಮಾವನ ಮಕ್ಕಳಿಗೆ ಹೆಪಟೈಟಿಸ್ ಬಿ ಟೆಸ್ಟ್ ಮಾಡಿಸಿದೆವು. ದೊಡ್ಡವನಿಗೆ ಪಾಸಿಟಿವ್, ಈಗ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್. ಚಿಕ್ಕವಳಿಗೆ ಇಲ್ಲ, ಅವಳಿಗೆ ವ್ಯಾಕ್ಸಿನ್ ಶುರು ಮಾಡಿದ್ದೇವೆ.

– ಒಬ್ಬ ಓದುಗ, ಬದಿಯಡ್ಕ