ಬಂದರು, ಬಂದಳು, ಬಂತು

ಪ್ರೀತಿಯ ತಮ್ಮನಿಗೆ,

ಕಥೆ ತಲುಪಿತು. ಆಸ್ಪತ್ರೆಯ ಭಾಗ ಚೆನ್ನಾಗಿದೆ, ನನ್ನ ತಕರಾರೂ ಅಲ್ಲಿಯೇ. ಡಾಕ್ಟರು 'ಬಂದರು', ನರ್ಸ್ 'ಬಂದಳು' ಎಂದು ಬರೆದಿದ್ದೀಯ. ಡಾಕ್ಟರು ಆಗಷ್ಟೇ ಓದು ಮುಗಿಸಿದ ಹುಡುಗ. ನರ್ಸಿಗೆ ನಿವೃತ್ತಿ ಹತ್ತಿರ. ಇದು ಪಾತ್ರಗಳ ಮಾತಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಹೇಳುತ್ತಿರುವುದು ನಿನ್ನ ನಿರೂಪಕ.

ಕನ್ನಡದಲ್ಲಿ 'ನಾನು ಬಂದೆ' ಎನ್ನುವವರು ಹೆಣ್ಣೋ ಗಂಡೋ ಕ್ರಿಯಾಪದದಿಂದ ತಿಳಿಯುವುದಿಲ್ಲ. ಬೇರೆಯವರ ವಿಷಯಕ್ಕೆ ಬಂದೊಡನೆ ಬಂದನೋ, ಬಂದಳೋ, ಬಂತೋ ಎಂದು ತೀರ್ಮಾನಿಸಲೇಬೇಕು. 'ಬಂದರು' ಒಂದೇ ಲಿಂಗ ಕೇಳದೆ ಮರ್ಯಾದೆ ಕೊಡುತ್ತದೆ. ಅದನ್ನು ಯಾರಿಗೆ ಕೊಟ್ಟೆ, ಯಾರಿಗೆ ಕೊಡಲಿಲ್ಲ ಎಂದು ನಿನ್ನ ಕರಡಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ ನೋಡು.

ಹಾಗೆಂದು ಸಂಭಾಷಣೆಯನ್ನು ತೊಳೆಯಲು ಹೋಗಬೇಡ. ಹೆಂಡತಿ 'ನಮ್ಮನೆಯವರು' ಎನ್ನಲಿ, ಗಂಡ 'ಏನೇ' ಎಂದೇ ಕೂಗಲಿ. 'ಗಂಡಸಾಗಿ ಅಳುತ್ತೀಯಲ್ಲೋ' ಎಂದು ಗದರುವ ಸೋದರಮಾವನಿಗೆ ನೀನು ಸಭ್ಯ ಭಾಷೆ ಕಲಿಸಿದರೆ ಮಾವ ಅಲ್ಲಿಯೇ ಸತ್ತ. ಎಲ್ಲರಿಗೂ 'ಅವರು' ಹಚ್ಚಿದರೂ ಕಷ್ಟವೇ. ಕಥೆ ಸರ್ಕಾರಿ ಸುತ್ತೋಲೆಯಂತೆ ಕೇಳಿಸುತ್ತದೆ.

'ಅದು' ಇನ್ನೂ ಸೂಕ್ಷ್ಮ. ಹವ್ಯಕರ ಮನೆಗಳಲ್ಲಿ ಹೆಂಗಸರ ಬಗ್ಗೆ 'ಅದು ಬಂತು' ಎನ್ನುವುದು ರೂಢಿ, ಅದರಲ್ಲಿ ತಾತ್ಸಾರವಿಲ್ಲ. ಬಯಲುಸೀಮೆಯ ಅಜ್ಜಿಯೂ ಮೊಮ್ಮಗಳನ್ನು 'ಮಗು ಉಂಡಿತಾ?' ಎಂದು ಮುದ್ದಿನಿಂದಲೇ ಕೇಳುತ್ತಾಳೆ. ಅದೇ ರೂಪ ಬಸ್ ನಿಲ್ದಾಣದಲ್ಲಿ ಮಂಗಳಮುಖಿಯೊಬ್ಬರ ಬೆನ್ನಿಗೆ ಬಿದ್ದರೆ ಬೈಗುಳ. ನಿನ್ನ ಕಥೆಯ ಜಾತ್ರೆಯಲ್ಲಿ ಯಲ್ಲಮ್ಮನ ಸೇವೆಗೆ ನಿಂತ ಮಂಗಳಮುಖಿ ಜೋಗತಿ ಚೌಡಿಕೆ ವಾದ್ಯ ಹಿಡಿದು 'ಬಂತು', ಹಾಡಿ 'ಹೋಯಿತು'. ಯಾರ ಬಾಯಿ ಇದು? ಊರಿನವರದ್ದಾದರೆ ಊರಿನವರೇ ಆಡಲಿ. ತಮ್ಮ ಲಿಂಗ ಯಾವುದೆಂದು ಹೇಳುವ ಹಕ್ಕು ಮಂಗಳಮುಖಿಯರದೇ ಎಂದು ಸುಪ್ರೀಂ ಕೋರ್ಟ್ 2014ರಲ್ಲಿಯೇ ಹೇಳಿದೆ. ನಮ್ಮ ಕ್ರಿಯಾಪದಗಳಿಗೆ ಆ ತೀರ್ಪಿನ ಪ್ರತಿ ಇನ್ನೂ ಸಿಕ್ಕಿದಂತಿಲ್ಲ. ಮಂಗಳಮುಖಿ ಕಲಾವಿದೆ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅವರನ್ನು 'ಅವರು' ಎನ್ನುವುದು ಈಗ ಯಾರಿಗೂ ಕಷ್ಟವಲ್ಲ. ನಿನ್ನ ಜೋಗತಿಗೆ ಪ್ರಶಸ್ತಿಯೂ ಇಲ್ಲ, ಹೆಸರೂ ಇಲ್ಲ. ಮೊದಲು ಹೆಸರು ಕೊಡು. ಹೆಸರಿಟ್ಟ ಮೇಲೆ 'ಬಂತು' ಬರೆಯಲು ನಿನಗೇ ಕೈ ಬರಲಾರದು.

ತಿದ್ದಿದ ಪ್ರತಿಯನ್ನು ಯುಗಾದಿಗೆ ಮೊದಲು ಕಳುಹಿಸು. ಮಾವನನ್ನು ಮಾತ್ರ ಮುಟ್ಟಬೇಡ.

ಇಂತಿ,
ಅಕ್ಕ