ಸೊಂಟ ಅಂದರೆ ಯಾವ ಜಾಗ?

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ಮಂಡಿ ನೋವಿನ ಬಗ್ಗೆ ಆಗಾಗ ಬರಹಗಳು ಬರುತ್ತವೆ. ಬೆನ್ನು ನೋವಿನ ಬಗ್ಗೆಯೂ ಬರುತ್ತವೆ. ಇವೆರಡರ ನಡುವೆ ಇರುವ ಕೀಲಿನ ಬಗ್ಗೆ ಮಾತ್ರ ಓದಿದ ನೆನಪಿಲ್ಲ. ತೊಡೆಯ ಮೂಳೆಯ ಗುಂಡು ತಲೆ ಹೋಗಿ ಕೂರುವ ಕೀಲು ಅದು. ಆಡುಮಾತಿನಲ್ಲಿ ಅದಕ್ಕೊಂದು ಸರಿಯಾದ ಹೆಸರು ನಮ್ಮ ಹತ್ತಿರ ಇಲ್ಲ ಅಂತ ನನಗೆ ಗೊತ್ತಾಗಿದ್ದು, ಎರಡು ವರ್ಷ ತಪ್ಪು ಜಾಗಕ್ಕೆ ಔಷಧಿ ಮಾಡಿಸಿಕೊಂಡ ಮೇಲೆ. ಅದಕ್ಕೇ ಈ ಪತ್ರ. ಉದ್ದವಾಯಿತು ಅನ್ನಿಸಿದರೆ ಕತ್ತರಿಸಿ. ಕೊನೆಯಲ್ಲಿ ಕೇಳಿರುವುದನ್ನು ಮಾತ್ರ ಉಳಿಸಿಕೊಳ್ಳಿ.

ನನಗೆ ಈಗ 59. ಸಾಗರ ತಾಲೂಕಿನ ಒಂದು ಹಳ್ಳಿ, ಎರಡು ಎಕರೆ ಅಡಿಕೆ ತೋಟ. ಕೊಯ್ಲು ಶುರುವಾದರೆ ಸಂಜೆಯಿಂದ ರಾತ್ರಿವರೆಗೂ ಮೆಟ್ಟುಗತ್ತಿಯ ಮೇಲೆಯೇ ಇರುತ್ತೇವೆ. ಅಕ್ಕಪಕ್ಕದ ಮನೆಯ ಹೆಂಗಸರೂ ಸುಲಿಯಲು ಬರುತ್ತಾರೆ, ಡಬ್ಬಕ್ಕೆ ಇಷ್ಟು ಅಂತ ಲೆಕ್ಕ. ಮೆಟ್ಟುಗತ್ತಿ ನೋಡದವರಿಗೆ ಹೇಳುವುದಾದರೆ, ಮರದ ಮಣೆಗೆ ಕತ್ತಿ ನಿಲ್ಲಿಸಿರುತ್ತಾರೆ. ಒಂದು ಕಾಲು ಮಡಚಿ ಮಣೆಯನ್ನು ಅದುಮಿಕೊಂಡು ಕೂರಬೇಕು. ಎರಡೂ ಕೈಯಲ್ಲಿ ಅಡಿಕೆ ಹಿಡಿದು ಸಿಪ್ಪೆ ಬಿಡಿಸಬೇಕು. ಮದುವೆಯಾಗಿ ಬಂದಾಗಿನಿಂದ ಎಡಗಾಲು ಮಡಚಿಯೇ ಕೂತವಳು ನಾನು.

ಮೂರು ವರ್ಷದ ಹಿಂದಿನ ಕೊಯ್ಲಿನಲ್ಲಿ ಎಡಗಾಲು ಮಡಚಲು ಬರಲಿಲ್ಲ. ನೋವು ಅಂತ ಹೇಳಲಾರೆ. ಒಂದು ಹಿಡಿತ. ಹಳೇ ಬಾಗಿಲು ಮಳೆಗಾಲದಲ್ಲಿ ಚೌಕಟ್ಟಿಗೆ ಸಿಕ್ಕಿಕೊಂಡು ನಿಲ್ಲುತ್ತದಲ್ಲ, ಹಾಗೆ. ಮಂಡಿ ನೆಲಕ್ಕೆ ತಾಗುವ ಬದಲು ಗೇಣುದ್ದ ಮೇಲೆಯೇ ನಿಂತುಬಿಟ್ಟಿತು. ಸುಮ್ನೆ ಕಾಲು ಬದಲಿಸಿ ಕೂತೆ. ಪಕ್ಕದಲ್ಲಿದ್ದವಳು, "ಏನಕ್ಕಾ, ಇವತ್ತು ಉಲ್ಟಾ ಕೂತಿದೀರಿ?" ಅಂದಳು. ವಯಸ್ಸಾಯ್ತು ಕಣೇ ಅಂದೆ. ಅಲ್ಲೇ ತಪ್ಪಿದೆ.

ಹಿಂತಿರುಗಿ ನೋಡಿದರೆ ಆ ವರ್ಷ ಪೂರ್ತಿ ಕಾಲು ನನಗೆ ಹೇಳುತ್ತಲೇ ಇತ್ತು. ತೋಟಕ್ಕೆ ಹೋಗುವ ದಾರಿಯಲ್ಲಿ, ಬೇಲಿಗೆ ಅಡ್ಡ ಗಳ ಹಾಕಿದ ದಣಪೆ ದಾಟುವಾಗ ಎಡಗಾಲನ್ನು ಕೈಯಲ್ಲಿ ಸೀರೆ ಸಮೇತ ಎತ್ತಿ ಆಚೆ ಇಡುತ್ತಿದ್ದೆ. ಎಡಗಾಲಿನ ಉಗುರು ಕತ್ತರಿಸಲು ಕೈ ಎಟುಕುತ್ತಿರಲಿಲ್ಲ. ಕಾಲುಂಗುರ ಸರಿಮಾಡಿಕೊಳ್ಳಲು ಮಗಳನ್ನು ಕರೆಯುತ್ತಿದ್ದೆ. ಬಸ್ಸಿನ ಮೊದಲ ಮೆಟ್ಟಿಲಿಗೆ ಯಾವಾಗಲೂ ಬಲಗಾಲೇ ಮುಂದೆ. ಒಂದು ಗಂಟೆ ಕೂತು ಎದ್ದರೆ ಮೊದಲ ಏಳೆಂಟು ಹೆಜ್ಜೆ ಮರಗಾಲು ಹಾಕಿಕೊಂಡ ಹಾಗೆ. ಆಮೇಲೆ ಸಲೀಸು. ಬೆಳಗ್ಗೆ ಎದ್ದಾಗಲೂ ಅಷ್ಟೇ, ಒಲೆ ಹಚ್ಚಿ ಕಾಫಿ ಇಳಿಸುವಷ್ಟರಲ್ಲಿ ಬಿಟ್ಟುಹೋಗುತ್ತಿತ್ತು. ಎಡಮಗ್ಗುಲಲ್ಲಿ ಮಲಗುವುದನ್ನು ಯಾವಾಗ ಬಿಟ್ಟೆ ಅಂತ ನನಗೇ ಗೊತ್ತಿಲ್ಲ. ಇದರಲ್ಲಿ ಯಾವುದನ್ನೂ ಕಾಯಿಲೆ ಅಂತ ಅಂದುಕೊಳ್ಳಲಿಲ್ಲ. ಒಂದೊಂದಕ್ಕೂ ಒಂದೊಂದು ಉಪಾಯ ಮಾಡಿಕೊಂಡೆ. ಹೆಂಗಸರು ಇದರಲ್ಲಿ ಬಹಳ ಜಾಣೆಯರು ಬಿಡಿ.

ಆಮೇಲೆ ನೋವು ಬಂತು. ಬಂದಿದ್ದು ಮಂಡಿಯಲ್ಲಿ. ಮಂಡಿಯ ಎಕ್ಸ್‌ರೇ ತೆಗೆಸಿದೆವು. ವಯಸ್ಸಿಗೆ ತಕ್ಕ ಹಾಗಿದೆ, ಏನೂ ಇಲ್ಲ ಅಂದರು. ಏನೂ ಇಲ್ಲದ ಮಂಡಿಗೆ ಆರು ತಿಂಗಳು ಎಣ್ಣೆ ತಿಕ್ಕಿದೆ. ಮೆಡಿಕಲ್ ಶಾಪಿನ ನೋವಿನ ಮಾತ್ರೆ ನುಂಗಿ ನುಂಗಿ ಹೊಟ್ಟೆ ಉರಿ ಬೇರೆ ಗಂಟುಬಿತ್ತು. ಅಂಥ ಮಾತ್ರೆ ತಿಂಗಳುಗಟ್ಟಲೆ ನುಂಗಿದರೆ ಕಿಡ್ನಿಗೂ ಪೆಟ್ಟು, ಬಿ.ಪಿ. ಇದ್ದವರಿಗೆ ಇನ್ನೂ ಜಾಸ್ತಿ ಅಂತ ಆಮೇಲೆ ಗೊತ್ತಾಯಿತು. ನನಗೆ ಬಿ.ಪಿ. ಇದೆ.

ಎರಡನೇ ಸಲ ಇನ್ನೊಂದು ಆಸ್ಪತ್ರೆಗೆ ಹೋದಾಗ ಡಾಕ್ಟರು ಎಲ್ಲಿ ನೋವು ಅಂತ ಕೇಳಿದರು. ನಿಜವಾಗಿ ಹಿಡಿಯುತ್ತಿದ್ದದ್ದು ತೊಡೆಸಂದಿನಲ್ಲಿ. ಹೊಟ್ಟೆ ಮುಗಿದು ತೊಡೆ ಶುರುವಾಗುತ್ತದಲ್ಲ, ಆ ಮಡಿಕೆಯಲ್ಲಿ. ಎದುರಿಗೆ ಗಂಡಸು ಡಾಕ್ಟರು, ಪಕ್ಕದಲ್ಲಿ ನಮ್ಮ ಮನೆಯವರು, ಬಾಗಿಲಲ್ಲಿ ಇನ್ನೂ ಇಬ್ಬರು ಪೇಶೆಂಟು. ಆ ಪದ ಬಾಯಿಗೆ ಬರಲಿಲ್ಲ. "ಸೊಂಟ ಡಾಕ್ಟ್ರೇ" ಅಂದೆ.

ಸೊಂಟ ಅಂದರೆ ನಾವು ಸೀರೆ ಸಿಕ್ಕಿಸುವ ಜಾಗವೂ ಹೌದು, ಬಿಂದಿಗೆ ಇಟ್ಟುಕೊಳ್ಳುವ ಜಾಗವೂ ಹೌದು, ಬಗ್ಗಿದರೆ ಹಿಡಿಯುವ ಬೆನ್ನಿನ ಕೆಳಭಾಗವೂ ಹೌದು. ಡಾಕ್ಟರು ಬೆನ್ನು ಅಂತ ತಿಳಿದುಕೊಂಡರು. ಅವರ ತಪ್ಪು ಅಂತಲೂ ಪೂರ್ತಿ ಹೇಳಲಾರೆ. ಮಂಚದ ಮೇಲೆ ಮಲಗಿಸಿ ಕಾಲು ತಿರುಗಿಸಿ ನೋಡಲಿಲ್ಲ ಅನ್ನುವುದಷ್ಟೇ ನನ್ನ ದೂರು. ಬೆನ್ನಿನ ಎಂಆರ್‌ಐ ಆಯಿತು. ಬೆನ್ನುಮೂಳೆಗಳ ನಡುವಿನ ಡಿಸ್ಕ್ ಸ್ವಲ್ಪ ಉಬ್ಬಿದೆ ಅಂತ ಬಂತು. ಐವತ್ತು ದಾಟಿದವರಿಗೆ ಎಂಆರ್‌ಐ ಮಾಡಿದರೆ, ನೋವೇ ಇಲ್ಲದವರಲ್ಲೂ ಎಷ್ಟೋ ಜನಕ್ಕೆ ಹಾಗೆ ಬರುತ್ತದಂತೆ. ಬೆಲ್ಟ್ ಕೊಟ್ಟರು. ಬೆಲ್ಟ್ ಬಿಗಿದುಕೊಂಡು ಎರಡನೇ ಕೊಯ್ಲು ಮುಗಿಸಿದೆ. ಈಗ ಆ ಬೆಲ್ಟ್ ಕೊಟ್ಟಿಗೆಯ ಗೂಟದಲ್ಲಿ ನೇತಾಡುತ್ತಿದೆ.

ಕೊನೆಗೆ ಶಿವಮೊಗ್ಗದಲ್ಲಿ ಮೂಳೆ ಡಾಕ್ಟರೊಬ್ಬರು ಸಿಕ್ಕರು. ನಾನು ಬಾಗಿಲಿನಿಂದ ಕುರ್ಚಿಯವರೆಗೆ ನಡೆದು ಬರುವುದನ್ನೇ ನೋಡುತ್ತಿದ್ದರು. "ಅಮ್ಮಾ, ಬಾಯಲ್ಲಿ ಹೇಳಬೇಡಿ, ಕೈ ಇಟ್ಟು ತೋರಿಸಿ" ಅಂದರು. ನನ್ನ ಕೈ ತಾನಾಗಿ ಹೋಗಿ ಪಕ್ಕವನ್ನು ತಬ್ಬಿ ಹಿಡಿಯಿತು. ಹೆಬ್ಬೆರಳು ಹಿಂದಕ್ಕೆ, ನಾಲ್ಕು ಬೆರಳು ಮುಂದೆ ತೊಡೆಸಂದಿಗೆ. ಚೊಂಬನ್ನು ಬಾಯಿ ಹಿಡಿದು ಎತ್ತುವ ಹಾಗೆ. ಅವರು ನಕ್ಕರು. ತೊಡೆ ಕೀಲಿನ ನೋವಿನವರು ಬಹಳ ಮಂದಿ ಹೀಗೇ ಹಿಡಿಯುತ್ತಾರಂತೆ, ಇಂಗ್ಲಿಷಿನ ಸಿ ಅಕ್ಷರದ ಆಕಾರದಲ್ಲಿ.

ಆಮೇಲೆ ಅಂಗಾತ ಮಲಗಿಸಿದರು. ಮಂಡಿ ಮಡಚಿಸಿ ತೊಡೆಯನ್ನು ನೇರ ಮೇಲಕ್ಕೆ ನಿಲ್ಲಿಸಿ, ಪಾದವನ್ನು ಮೆಲ್ಲಗೆ ಹೊರಗಡೆಗೆ ವಾಲಿಸಿದರು. ಬಲಗಾಲು ಸಲೀಸಾಗಿ ಹೋಯಿತು. ಎಡಗಾಲು ಎರಡು ಬೆರಳಿನಷ್ಟು ಹೋಗಿ ನಿಂತಿತು, ತೊಡೆಸಂದಿನಲ್ಲಿ ಚುಳ್ ಅಂತು. ಕೀಲು ಸವೆಯಲು ಶುರುವಾದರೆ ಸಾಮಾನ್ಯವಾಗಿ ಮೊದಲು ಕಳೆದುಹೋಗುವ ತಿರುಗುವಿಕೆ ಇದೇ ಅಂತೆ. ಒಂದು ನಿಮಿಷದ ಕೆಲಸ. ಯಂತ್ರ ಬೇಡ, ಖರ್ಚಿಲ್ಲ. ಎರಡು ವರ್ಷದಲ್ಲಿ ನನಗೆ ಅದನ್ನು ಯಾರೂ ಮಾಡಿರಲಿಲ್ಲ.

ಎರಡೂ ಕೀಲು ಒಟ್ಟಿಗೆ ಕಾಣುವ ಎಕ್ಸ್‌ರೇ ತೆಗೆಸಿದರು. ಬಲಗಡೆ ತೊಡೆ ಮೂಳೆಯ ಗುಂಡು ತಲೆಗೂ ಅದು ಕೂರುವ ಬಟ್ಟಲಿಗೂ ನಡುವೆ ಕಪ್ಪು ಸಂದು ಚೆನ್ನಾಗಿ ಕಾಣುತ್ತಿತ್ತು. ಎಡಗಡೆ ಅದು ಪೆನ್ಸಿಲ್ ಗೆರೆಯಷ್ಟು. ಮೂಳೆಯ ಮೇಲಿನ ಮೆತ್ತನೆಯ ಹೊದಿಕೆ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಹಾಗಾಗಿ ಖಾಲಿ ಕಂಡ ಜಾಗವೇ ಆ ಹೊದಿಕೆ. ಸಂದು ಕಿರಿದಾಗಿದೆ ಅಂದರೆ ಹೊದಿಕೆ ಸವೆದಿದೆ. ಮತ್ತೆ ಮಂಡಿ ಯಾಕೆ ನೋಯುತ್ತಿತ್ತು? ತೊಡೆ ಕೀಲಿಗೂ ಮಂಡಿಗೂ ಹೋಗುವ ನರ ಹಂಚಿಕೊಂಡಿರುವುದರಿಂದ, ಮೇಲಿನ ಬೆಂಕಿಯ ಹೊಗೆ ಕೆಳಗೆ ಕಾಣುತ್ತದೆ ಅಂದರು. ಮಕ್ಕಳಲ್ಲೂ ಹೀಗಾಗುತ್ತದಂತೆ. ಮಗು ಕುಂಟುತ್ತ ಮಂಡಿ ನೋವು ಅಂದರೆ ತೊಡೆ ಕೀಲನ್ನೂ ನೋಡಿಸಲೇಬೇಕು ಅಂತ ಒತ್ತಿ ಹೇಳಿದರು.

ಅವರು ಇನ್ನೂ ಕೆಲವು ಪ್ರಶ್ನೆ ಕೇಳಿದರು. ಚಿಕ್ಕಂದಿನಲ್ಲಿ ಕುಂಟುತ್ತಿದ್ದಿರಾ? ಸ್ಟಿರಾಯ್ಡ್ ಮಾತ್ರೆ ತಗೊಂಡಿದ್ದೀರಾ? ಕುಡಿತ? ನಮ್ಮ ಮನೆಯವರು ಕೊನೆಯ ಪ್ರಶ್ನೆಗೆ ನನಗಿಂತ ಮೊದಲು ತಲೆ ಅಲ್ಲಾಡಿಸಿದರು! ಜಾಸ್ತಿ ಸ್ಟಿರಾಯ್ಡ್ ತೆಗೆದುಕೊಂಡವರಲ್ಲಿ, ತುಂಬಾ ಕುಡಿಯುವವರಲ್ಲಿ ಆ ಗುಂಡು ತಲೆಗೆ ರಕ್ತ ಸರಿಯಾಗಿ ಹೋಗದೆ ಮೂಳೆ ಸಾಯುವುದುಂಟು. ಅದು ಮೂವತ್ತು ನಲವತ್ತರ ವಯಸ್ಸಿನಲ್ಲೂ ಬರಬಹುದು. ಕೋವಿಡ್‌ಗೆ ಸ್ಟಿರಾಯ್ಡ್ ತೆಗೆದುಕೊಂಡ ಕೆಲವರಲ್ಲಿ ಇದು ಕಾಣಿಸಿದೆ ಅಂತ 2021ರಲ್ಲಿ ಮುಂಬೈಯಿಂದ ಸುದ್ದಿ ಬಂದಿದ್ದು ನಿಮ್ಮ ಓದುಗರಿಗೂ ನೆನಪಿರಬಹುದು. ಅದರಲ್ಲಿ ಶುರುವಿನ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು, ಎಂಆರ್‌ಐ ಬೇಕಾಗುತ್ತದೆ. ಹಾಗಾಗಿ ಚಿಕ್ಕ ವಯಸ್ಸಿನವರು ತೊಡೆಸಂದು ನೋಯುತ್ತಿದ್ದರೆ, ಎಕ್ಸ್‌ರೇ ಸರಿ ಇದೆ ಅಂತ ಸುಮ್ಮನಾಗುವ ಹಾಗಿಲ್ಲ. ನನ್ನದು ಅದಲ್ಲ. ಸವೆತ.

ಸಾಗರದವರಾದ ನಮಗೆ ತೊಡೆ ಕೀಲಿನ ವಿಷಯ ಹೊಸದಾಗಬಾರದಿತ್ತು. ಹಂದಿಗೋಡು ನಮ್ಮ ತಾಲೂಕಿನದೇ ಊರು. 1970ರ ದಶಕದ ನಡುವಿನಲ್ಲಿ ಅಲ್ಲಿನ ದಲಿತ ಕುಟುಂಬಗಳಲ್ಲಿ ತೊಡೆ ಕೀಲು, ಮಂಡಿ ಹಿಡಿದುಕೊಳ್ಳುವ ಕಾಯಿಲೆ ಕಂಡಿತು. ಕೆಲವರು ಎದ್ದು ನಿಲ್ಲಲಾರದೆ ನೆಲಕ್ಕೆ ಕೈ ಊರಿ ಓಡಾಡುವ ಸ್ಥಿತಿಗೆ ಬಂದರು. ನಾನಾಗ ಚಿಕ್ಕವಳು. ಗದ್ದೆಗೆ ಹೊಡೆದ ವಿಷ, ಆ ಗದ್ದೆಯ ಏಡಿ ತಿಂದದ್ದೇ ಕಾರಣ ಅಂತ ದೊಡ್ಡವರು ಮಾತಾಡುತ್ತಿದ್ದರು. ವಂಶದಲ್ಲಿ ಬರುವ ಕಾಯಿಲೆ ಅದು, ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೂ ಮಕ್ಕಳಿಗೆ ಬರಬಹುದು ಅಂತ ಸಂಶೋಧಕರು ಹೇಳಿದ್ದು ಆಮೇಲೆ. ನನ್ನ ನಡಿಗೆ ವಾಲಲು ಶುರುವಾದಾಗ ಅತ್ತೆ ಗುಟ್ಟಾಗಿ, "ಹಂದಿಗೋಡಿನ ಕಾಯಿಲೆ ಅಂಟಿತೇನೇ?" ಅಂತ ಕೇಳಿದ್ದರು. ಅದು ಅಂಟುವುದಿಲ್ಲ, ನನಗಿರುವುದು ಅದೂ ಅಲ್ಲ. ಇಷ್ಟು ಹತ್ತಿರದಲ್ಲಿ ಇಷ್ಟು ವರ್ಷ ಜನ ಆ ಕೀಲಿನಿಂದ ನರಳಿದರೂ, ಆ ಕೀಲು ಎಲ್ಲಿದೆ ಅಂತ ತಿಳಿದುಕೊಳ್ಳುವ ಗೋಜಿಗೆ ನಾವ್ಯಾರೂ ಹೋಗಲಿಲ್ಲ. ಅವರ ಕೇರಿಯ ಕಾಯಿಲೆ ಅಂತ ಬಿಟ್ಟುಬಿಟ್ಟೆವು. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ.

ಈಗ ಹೇಗಿದ್ದೇನೆ ಅಂದರೆ, ಆಪರೇಷನ್ ಸದ್ಯಕ್ಕೆ ಬೇಡ ಅಂದಿದ್ದಾರೆ. ಮುಂದೆ ಬೇಕಾಗಬಹುದು, ಆಗ ನೋಡೋಣ. ತೂಕ ಐದು ಕೆ.ಜಿ. ಇಳಿಸಿದ್ದೇನೆ. ನಡೆಯುವಾಗ ಈ ಕೀಲಿನ ಮೇಲೆ ದೇಹದ ತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದಂತೆ, ಹಾಗಾಗಿ ಐದು ಕೆ.ಜಿ. ಇಳಿದರೆ ಕಾಲಿಗೆ ಅದಕ್ಕಿಂತ ಜಾಸ್ತಿಯೇ ಹಗುರ. ಮಗ್ಗುಲಾಗಿ ಮಲಗಿ ಕಾಲೆತ್ತುವ ವ್ಯಾಯಾಮ ದಿನಾ ಮಾಡುತ್ತೇನೆ. ಬಡಗಿಯಿಂದ ಮೆಟ್ಟುಗತ್ತಿಯನ್ನು ಎತ್ತರದ ಬೆಂಚಿಗೆ ಕೂರಿಸಿಕೊಂಡಿದ್ದೇನೆ, ಕಾಲು ಇಳಿಬಿಟ್ಟು ಸುಲಿಯುತ್ತೇನೆ. ಮೊದಲಿನಷ್ಟು ಡಬ್ಬ ಆಗುವುದಿಲ್ಲ.

ಊರುಗೋಲಿನ ಕಥೆ ಒಂದಿದೆ. ನೋವು ಎಡಗಾಲಿಗೆ ಅಂತ ನಾನು ಎಡಗೈಯಲ್ಲೇ ಕೋಲು ಹಿಡಿಯುತ್ತಿದ್ದೆ. ಫಿಸಿಯೋಥೆರಪಿ ಹುಡುಗಿ ನೋಡಿ, "ಅಮ್ಮಾ, ಬಲಗೈಗೆ ತಗೊಳ್ಳಿ" ಅಂದಳು. ಎಡಗಾಲಿನ ಮೇಲೆ ನಿಂತಾಗ ದೇಹ ಬಲಕ್ಕೆ ವಾಲದ ಹಾಗೆ ಎಡ ಪಕ್ಕದ ಸ್ನಾಯು ಎಳೆದು ಹಿಡಿಯುತ್ತದೆ. ಆ ಎಳೆತದ ಭಾರವೂ ಅದೇ ಕೀಲಿಗೆ. ಬಲಗೈಯ ಕೋಲು ಆ ವಾಲುವುದನ್ನು ತಡೆದರೆ ಸ್ನಾಯು ಅಷ್ಟು ಎಳೆಯಬೇಕಾಗಿಲ್ಲ. ನಂಬಿಕೆ ಬರಲಿಲ್ಲ. ಕೈ ಬದಲಿಸಿ ಅಂಗಳದಲ್ಲಿ ಒಂದು ಸುತ್ತು ಹಾಕಿದೆ. ಅರ್ಧ ನೋವು ಅಲ್ಲೇ ಇಳಿಯಿತು. ನಮ್ಮೂರಲ್ಲಿ ಕೋಲು ಹಿಡಿದ ನಾಲ್ಕು ಜನರಲ್ಲಿ ಮೂವರು ನೋವಿರುವ ಕಡೆಗೇ ಹಿಡಿದಿದ್ದರು. ಇಬ್ಬರಿಗೆ ಬದಲಿಸಿದ್ದೇನೆ. ಮೂರನೆಯವರು ನನ್ನ ಮಾವನ ಕಡೆ ಹಿರಿಯರು, ಕೇಳುವವರಲ್ಲ.

ಮೊನ್ನೆ ನಮ್ಮ ಚಪ್ಪರದಲ್ಲಿ ಸುಲಿಯಲು ಕೂತವಳೊಬ್ಬಳು ಮೂರು ಸಲ ಕಾಲು ಬದಲಿಸಿದಳು. ಎಲ್ಲಿ ನೋವೇ ಅಂದೆ. ಸುತ್ತ ನೋಡಿ, ಮಂಡಿ ಅಕ್ಕಾ ಅಂದಳು. ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿ ಕೇಳಿದೆ. ಆಗ ಕೈ ತೊಡೆಸಂದಿಗೆ ಹೋಯಿತು. ಅವಳಿಗೆ ಇನ್ನೂ 46.

ಸಂಪಾದಕರೇ, ನಾನು ಕೇಳುವುದು ಇಷ್ಟು. ಮುಂದಿನ ಸಲ ಕೀಲು ನೋವಿನ ಬಗ್ಗೆ ಹಾಕುವಾಗ, ಆ ಕೀಲು ಎಲ್ಲಿರುತ್ತದೆ, ಅದರ ನೋವು ಎಲ್ಲೆಲ್ಲಿ ಕಾಣುತ್ತದೆ ಅಂತ ತೋರಿಸುವ ಒಂದು ಚಿತ್ರ ಹಾಕಿ. ಸೀರೆ ಉಟ್ಟ ಹೆಂಗಸಿನ ಚಿತ್ರವೇ ಇರಲಿ. ಬೆನ್ನಿಗೆ ಬೆನ್ನು ಅಂತ, ಇದಕ್ಕೆ ತೊಡೆಸಂದು ಅಂತ ಬರೆಯಿರಿ. ಎಲ್ಲದಕ್ಕೂ ಸೊಂಟ ಅನ್ನಬೇಡಿ. ಪೇಪರಿನಲ್ಲಿ ಅಚ್ಚಾದ ಪದವನ್ನು ಡಾಕ್ಟರ ಮುಂದೆ ಹೇಳಲು ನಮಗೆ ಅಷ್ಟು ನಾಚಿಕೆಯಾಗುವುದಿಲ್ಲ. ಚಿತ್ರ ಸ್ವಲ್ಪ ದೊಡ್ಡದಾಗಿಯೇ ಬರಲಿ. ಕತ್ತರಿಸಿ ಅಡಿಕೆ ಸುಲಿಯುವ ಚಪ್ಪರದ ಕಂಬಕ್ಕೆ ಅಂಟಿಸುತ್ತೇನೆ.

ಇಂತಿ,
ಒಬ್ಬ ಅಡಿಕೆ ಬೆಳೆಗಾರ್ತಿ
ಸಾಗರ ತಾಲೂಕು, ಶಿವಮೊಗ್ಗ ಜಿಲ್ಲೆ