‘ಮೊದಲ ಮಹಿಳೆ’ ಎಂದು ಹೇಳಿ ಮುಗಿಸಿದರೆ ಸಾಕೇ?

ಆತ್ಮೀಯ ಓದುಗರೇ,

ನಮ್ಮ ಮಕ್ಕಳ ಪುಟಕ್ಕೆ ಬರುವ ವಿಜ್ಞಾನಿಗಳ ಪರಿಚಯಗಳಲ್ಲಿ ಅಸೀಮಾ ಚಟರ್ಜಿ ಅವರ ಹೆಸರು ಆಗಾಗ ಕಾಣಿಸುತ್ತದೆ. ಭಾರತದ ವಿಶ್ವವಿದ್ಯಾಲಯದಿಂದ ಡಿ.ಎಸ್‌ಸಿ. ಎಂಬ ವಿಜ್ಞಾನದ ಡಾಕ್ಟರೇಟ್ ಪಡೆದ ಮೊದಲ ಮಹಿಳೆ (1944), ಭಟ್ನಾಗರ್ ಪ್ರಶಸ್ತಿ ಗಳಿಸಿದ ಮೊದಲ ಮಹಿಳೆ (1961), ಭಾರತೀಯ ವಿಜ್ಞಾನ ಕಾಂಗ್ರೆಸ್ಸಿಗೆ ಮೊದಲ ಮಹಿಳಾ ಅಧ್ಯಕ್ಷೆ (1975). ಅಲ್ಲಿಗೆ ಪರಿಚಯ ಮುಗಿಯಿತು. ಅವರು ಪ್ರಯೋಗಾಲಯದಲ್ಲಿ ಬೆಳಗಿನಿಂದ ಸಂಜೆಯವರೆಗೆ ಮಾಡುತ್ತಿದ್ದುದೇನು ಎಂಬ ಮಾತು ಮಾತ್ರ ಬರುವುದೇ ಇಲ್ಲ. ನನಗೆ ಕುತೂಹಲ ಇರುವುದು ಅದರ ಬಗ್ಗೆಯೇ.

ಹುಟ್ಟಿದ್ದು 1917ರಲ್ಲಿ, ಕಲ್ಕತ್ತೆಯಲ್ಲಿ. ತಂದೆ ವೈದ್ಯರು, ಸಸ್ಯಶಾಸ್ತ್ರದಲ್ಲಿ ಬಹಳ ಆಸಕ್ತಿ ಇದ್ದವರು. ಮಗಳು 1938ರಲ್ಲಿ ಎಂ.ಎಸ್‌ಸಿ. ಮುಗಿಸಿ, 1940ರಲ್ಲಿ ಲೇಡಿ ಬ್ರೆಬೋರ್ನ್ ಕಾಲೇಜಿಗೆ ಸೇರಿ ಅಲ್ಲಿನ ರಸಾಯನಶಾಸ್ತ್ರ ವಿಭಾಗ ಕಟ್ಟಿದರು. ಮುಂದಿನ ಸಂಶೋಧನೆಯೆಲ್ಲ ಹೆಚ್ಚುಕಡಿಮೆ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದು: ಔಷಧಿಗೆ ಬಳಸುವ ಈ ಗಿಡದೊಳಗೆ ಯಾವ ಅಣು ಇದೆ, ಅದರ ರಚನೆ ಹೇಗಿದೆ?

ಸರ್ಪಗಂಧದ ಬೇರನ್ನೇ ತೆಗೆದುಕೊಳ್ಳಿ. ಒಣಗಿಸಿ, ಪುಡಿ ಮಾಡಿ, ಆಲ್ಕೋಹಾಲಿನಲ್ಲಿ ನೆನೆಸಿ ಸಾರ ತೆಗೆದರೆ ಸಿಗುವುದು ಒಂದು ಕಂದು ಅಂಟು. ಮೇಣ, ಸಕ್ಕರೆ, ಬಣ್ಣ ಎಲ್ಲ ಅದರಲ್ಲೇ. ಆಮ್ಲ ಬೆರೆಸಿದ ನೀರು ಹಾಕಿ ಕುಲುಕಿದಾಗ ಆಲ್ಕಲಾಯ್ಡುಗಳು (ಗಿಡಗಳಲ್ಲಿರುವ, ಸಾರಜನಕವುಳ್ಳ ಕ್ಷಾರಗುಣದ ವಸ್ತುಗಳು) ಲವಣವಾಗಿ ನೀರಿಗಿಳಿಯುತ್ತವೆ. ಅಮೋನಿಯಾ ಹಾಕಿದೊಡನೆ ನೀರು ಬಿಟ್ಟು ಹೊರಬೀಳುತ್ತವೆ. ಆಗ ಅವನ್ನು ಕ್ಲೋರೋಫಾರ್ಮಿಗೆ ಎಳೆದುಕೊಳ್ಳಬೇಕು. ಅದೂ ಒಂದೇ ವಸ್ತುವಲ್ಲ, ಒಬ್ಬರನ್ನೊಬ್ಬರು ಹೋಲುವ ಅಣ್ಣತಮ್ಮಂದಿರ ದೊಡ್ಡ ಸಂಸಾರ. ಅಲ್ಯುಮಿನಾ ತುಂಬಿದ ಗಾಜಿನ ಕೊಳವೆಯಲ್ಲಿ ಇಳಿಬಿಟ್ಟು ಒಂದೊಂದನ್ನೇ ಬೇರ್ಪಡಿಸಬೇಕು, ಹರಳುಗಟ್ಟಿಸಬೇಕು, ಎಷ್ಟು ಡಿಗ್ರಿಗೆ ಕರಗುತ್ತದೆ ನೋಡಬೇಕು, ಆ ಅಂಕಿ ಒಂದೇ ಕಡೆ ನಿಲ್ಲುವ ತನಕ ಮತ್ತೆ ಮತ್ತೆ ಹರಳುಗಟ್ಟಿಸಬೇಕು.

ಇಷ್ಟಾದರೂ ಕೈಯಲ್ಲಿರುವುದು ಏನೆಂದು ಇನ್ನೂ ಗೊತ್ತಿಲ್ಲ! ಇಂದಾದರೆ ಅಣುವಿನ ರಚನೆ ಪತ್ತೆ ಮಾಡುವ ಎನ್‌ಎಂಆರ್ ಯಂತ್ರ ಬಹುಪಾಲು ಹೇಳಿಬಿಡುತ್ತದೆ. ಆಗ ಅಣುವನ್ನು ಸೆಲೀನಿಯಂ ಜೊತೆ ಕಾಯಿಸಿಯೋ ಕ್ಷಾರದಲ್ಲಿ ಕುದಿಸಿಯೋ ಒಡೆದು, ಚೂರುಗಳಲ್ಲಿ ಪರಿಚಿತವಾದದ್ದನ್ನು ಗುರುತಿಸಿ, ಒಡೆಯುವ ಮುಂಚೆ ಇಡೀ ಅಣು ಹೇಗಿದ್ದಿರಬೇಕು ಎಂದು ತರ್ಕಿಸಬೇಕಿತ್ತು. ಅಜ್ಮಲಿಸಿನ್, ಸಾರ್ಪಗಿನ್ ಎಂಬ ಆಲ್ಕಲಾಯ್ಡುಗಳ ರಚನೆಯ ಮೇಲೆ, ಅವುಗಳ ಪರಮಾಣುಗಳು ಮೂರು ಆಯಾಮಗಳಲ್ಲಿ ಹೇಗೆ ಜೋಡಣೆಗೊಂಡಿವೆ ಎಂಬುದರ ಮೇಲೆ ಅಸೀಮಾ ಅವರು ಮಾಡಿದ ಕೆಲಸದ ಹಿಂದೆ ಇಂಥ ದುಡಿಮೆ ಇದೆ. ಸಲಕರಣೆ ಸಾಲದು, ಹಣವೂ ಸಾಲದು. ಮಾದರಿಗಳನ್ನು ವಿಶ್ಲೇಷಣೆಗೆ ಹೊರದೇಶಕ್ಕೆ ಕಳಿಸಿ ಅದರ ಖರ್ಚನ್ನು ಅವರೇ ಭರಿಸಿದ್ದುಂಟು.

1947ರಲ್ಲಿ ಕೈಕೂಸನ್ನು ಕರೆದುಕೊಂಡು ಅಮೆರಿಕಕ್ಕೆ ಹೋದರು. ಮೊದಲು ವಿಸ್ಕಾನ್ಸಿನ್, ಬಳಿಕ ಕ್ಯಾಲ್‌ಟೆಕ್‌ನಲ್ಲಿ ಕ್ರೊಮೆಟೊಗ್ರಫಿಯ (ಮೇಲೆ ಹೇಳಿದ ಕೊಳವೆಯ ಹಾಗೆ ಮಿಶ್ರಣದ ವಸ್ತುಗಳನ್ನು ಬೇರ್ಪಡಿಸುವ ವಿದ್ಯೆ) ದಿಗ್ಗಜ ಜೆಕ್‌ಮೈಸ್ಟರ್ ಬಳಿ, ಕೊನೆಗೆ ಜ್ಯೂರಿಕ್‌ನಲ್ಲಿ ನೊಬೆಲ್ ವಿಜೇತ ಪಾಲ್ ಕಾರರ್ ಬಳಿ. 1950ರಲ್ಲಿ ಊರಿಗೆ ಮರಳಿದರು. (ಹೊರದೇಶದಲ್ಲೇ ಉಳಿದುಬಿಟ್ಟ ನಮ್ಮ ಹಾಗೆ ‘ಇನ್ನೆರಡು ವರ್ಷ ನೋಡೋಣ’ ಎನ್ನಲಿಲ್ಲ.) 1954ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯ ಸೇರಿ, 1962ರಿಂದ ಎರಡು ದಶಕ ಅಲ್ಲಿನ ಖೈರಾ ಪ್ರೊಫೆಸರ್ ಎಂಬ ಹುದ್ದೆಯಲ್ಲಿದ್ದರು. 1967ರಲ್ಲಿ ತಂದೆ, ಪತಿ ಇಬ್ಬರೂ ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಂಡರು; ಅಸೀಮಾ ಅವರ ಆರೋಗ್ಯವೂ ಕೆಟ್ಟಿತು. ಸ್ವಲ್ಪ ಚೇತರಿಸಿಕೊಂಡ ಮೇಲೆ ಮತ್ತೆ ಪ್ರಯೋಗಾಲಯಕ್ಕೆ.

ಇಲ್ಲೊಂದು ತಕರಾರು ಎತ್ತಲೇಬೇಕು. ಕಾಶಿ ಕಣಗಿಲೆಯಿಂದ ಕ್ಯಾನ್ಸರ್ ಔಷಧಿ ಕಂಡುಹಿಡಿದವರೇ ಇವರು ಎಂಬಂತೆ ಕೆಲವರು ಬರೆಯುತ್ತಾರೆ. ಆ ಗಿಡದ ಆಲ್ಕಲಾಯ್ಡುಗಳ ಮೇಲೆ ಅವರು ಕೆಲಸ ಮಾಡಿದ್ದು ನಿಜ. ಆದರೆ ಅದರಿಂದ ವಿನ್‌ಬ್ಲಾಸ್ಟಿನ್ ಎಂಬ ಕ್ಯಾನ್ಸರ್ ಔಷಧಿಯನ್ನು ಬೇರ್ಪಡಿಸಿದವರು ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್, 1958ರಲ್ಲಿ. ಬೇರೆಯವರ ಕೆಲಸವನ್ನು ತಂದು ತುಂಬಿಸುವಷ್ಟು ಬಡವಾಗಿಲ್ಲ ಅಸೀಮಾ ಅವರ ಲೆಕ್ಕ. ಮೂರ್ಛೆರೋಗಕ್ಕೆ ಕೊಡುವ ‘ಆಯುಷ್-56’ ಅವರದು. ಅದಕ್ಕೆ ನೀರಿನಂಚಿನಲ್ಲಿ ಬೆಳೆಯುವ ನಾಲ್ಕೆಲೆಯ ಒಂದು ಜರೀಗಿಡ ಮತ್ತು ಜಟಾಮಾಂಸಿ ಆಧಾರ. ಮಲೇರಿಯಾಕ್ಕೆ ರೂಪಿಸಿದ ಔಷಧಿಯಲ್ಲಿ ಕಟುಕರೋಹಿಣಿ, ಗಜ್ಜುಗಗಳ ಜೊತೆ ಹಾಲೆ ಮರವೂ ಇದೆ. ಆಟಿ ಅಮಾವಾಸ್ಯೆಯ ಬೆಳಗ್ಗೆ ಮುಖ ಕಿವಿಚಿಕೊಂಡು ಅದರ ತೊಗಟೆಯ ಕಷಾಯ ಕುಡಿದ ಕರಾವಳಿಯ ಓದುಗರಿಗೆ ಈ ಮರದ ಪರಿಚಯ ಬೇಕಿಲ್ಲ.

ಮಕ್ಕಳಿಗೆ ಭಾಷಣ ಬರೆದುಕೊಡುವ ಅಪ್ಪ ಅಮ್ಮಂದಿರಲ್ಲಿ ಒಂದು ಕೋರಿಕೆ: ಪ್ರಶಸ್ತಿಗಳ ಪಟ್ಟಿಯಲ್ಲಿ ಎರಡು ಸಾಲು ಕಡಿಮೆ ಮಾಡಿ, ಆ ಕಂದು ಅಂಟಿನ ಕತೆಗೆ ಜಾಗ ಕೊಡಿ. ಹಾಗೆಯೇ, ಔಷಧಿ ಕಂಪನಿಗಳಲ್ಲಿ, ವಿಶ್ವವಿದ್ಯಾಲಯಗಳಲ್ಲಿ ಕೆಲಸ ಮಾಡುವ ರಸಾಯನ ವಿಜ್ಞಾನಿಗಳು ನಮ್ಮ ಸದಸ್ಯರಲ್ಲೂ ಇದ್ದೀರಿ. ನಿಮ್ಮ ಒಂದು ದಿನದ ಕೆಲಸದ ಬಗ್ಗೆ ಎರಡು ಪುಟ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ಕನ್ನಡ ಪಾರಿಭಾಷಿಕ ಪದ ಸಿಗಲಿಲ್ಲವೆಂದು ಹಿಂಜರಿಯಬೇಡಿ, ಬಾಯಿಗೆ ಬಂದ ಪದವನ್ನೇ ಬರೆಯಿರಿ.

— ಸಂಪಾದಕ